ಕ್ಯೂಬೆಕ್ ಮನೆಗಳ ಕಬ್ಬಿಣದ ಒಲೆ

ಕೆನಡಾದ ಕ್ಯೂಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದಲ್ಲಿ 2018ರ ಅಕ್ಟೋಬರ್‌ನಿಂದ ಒಂದು ನಿಯಮ ಜಾರಿಯಲ್ಲಿದೆ. ಗಂಟೆಗೆ 2.5 ಗ್ರಾಂಗಿಂತ ಹೆಚ್ಚು ಸೂಕ್ಷ್ಮ ಕಣಗಳನ್ನು ಉಗುಳುವ ಕಟ್ಟಿಗೆ ಒಲೆಯನ್ನು ಮನೆಯೊಳಗೆ ಉರಿಸುವಂತಿಲ್ಲ. ಕರೆಂಟ್ ಹೋಗಿ ಮೂರು ಗಂಟೆ ದಾಟಿದರೆ ಮಾತ್ರ ಹಳೆಯ ಒಲೆಗೂ ಅನುಮತಿ ಉಂಟು. ಈ ವಿನಾಯಿತಿ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಸುಮಾರು ಮುನ್ನೂರು ವರ್ಷಗಳ ಚಳಿಯ ಚರಿತ್ರೆಯಿದೆ.

ಫ್ರಾನ್ಸಿನಿಂದ ಬಂದ ಮೊದಲ ವಲಸಿಗರು ತಮ್ಮ ಊರಿನ ರೂಢಿಯಂತೆ ಗೋಡೆಯಲ್ಲಿ ಬಾಯ್ದೆರೆದ ಅಗ್ಗಿಷ್ಟಿಕೆ ಕಟ್ಟಿಕೊಂಡರು. ಅಲ್ಲಿನ ಚಳಿಗೆ ಸಾಕಾಗುತ್ತಿದ್ದ ಬೆಂಕಿ ಇಲ್ಲಿ ಸಾಲಲಿಲ್ಲ. ಶಾಖವೆಲ್ಲ ಚಿಮಣಿಯ ದಾರಿ ಹಿಡಿದು ಹೋಗುತ್ತಿತ್ತು. ತ್ರ್ವಾ-ರಿವಿಯೇರ್ ಊರಿನ ಬಳಿ 1730ರ ದಶಕದಲ್ಲಿ ಶುರುವಾದ ಸೇಂಟ್ ಮಾರಿಸ್ ಕಬ್ಬಿಣದ ಕಾರ್ಖಾನೆ ಆ ಮನೆಗಳನ್ನು ಬದಲಿಸಿತು. ಅಲ್ಲಿ ಎರಕ ಹೊಯ್ದ ಹಲಗೆಗಳನ್ನು ಜೋಡಿಸಿದರೆ ಪೆಟ್ಟಿಗೆಯಂಥ ಒಲೆ ಆಗುತ್ತಿತ್ತು. 1749ರಲ್ಲಿ ಇಲ್ಲಿ ಸುತ್ತಾಡಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಪೆಹ್ರ್ ಕಾಲ್ಮ್ ಈ ಒಲೆಗಳನ್ನು ಕಂಡು ಬರೆದಿದ್ದಾನೆ. ಒಲೆಯ ಕೊಳವೆಯನ್ನು ನೇರ ಹೊರಗೆ ಬಿಡದೆ ಕೋಣೆಯ ಉದ್ದಕ್ಕೂ ಹಾಯಿಸುತ್ತಿದ್ದರು, ಹೊಗೆ ಹೊರಹೋಗುವ ಮುಂಚೆ ತನ್ನ ಬಿಸಿಯನ್ನು ಮನೆಗೇ ಕೊಟ್ಟು ಹೋಗಲಿ ಎಂದು. ಕಾರ್ಖಾನೆ 1883ರಲ್ಲಿ ಮುಚ್ಚಿತು. ಒಲೆಗಳು ಮಾತ್ರ ಉಳಿದವು.

ಆ ಒಲೆಗಳನ್ನು ಮನೆಯಿಂದ ಹೊರಹಾಕಿದ್ದು ನದಿಗಳು, ಅಂದರೆ ನದಿಗಳಿಂದ ಬಂದ ಕರೆಂಟ್. 1962ರ ಚುನಾವಣೆಯಲ್ಲಿ ಸಚಿವ ರೆನೆ ಲೆವೆಕ್ ಖಾಸಗಿ ವಿದ್ಯುತ್ ಕಂಪನಿಗಳನ್ನು ಜನರ ಸ್ವತ್ತಾಗಿಸುವ ಮಾತೆತ್ತಿದರು. ಮರುವರ್ಷವೇ ಅವು ಸರ್ಕಾರಿ ಸಂಸ್ಥೆ ಹೈಡ್ರೊ-ಕ್ಯೂಬೆಕ್ ಕೈಸೇರಿದವು. 1971ರಲ್ಲಿ ಪ್ರಾಂತ್ಯದ ಪ್ರೀಮಿಯರ್ ರಾಬರ್ಟ್ ಬೂರಾಸಾ ಜೇಮ್ಸ್ ಕೊಲ್ಲಿಯ ಜಲವಿದ್ಯುತ್ ಯೋಜನೆ ಘೋಷಿಸಿದರು. ಉತ್ತರದ ಕ್ರೀ ಜನರನ್ನು ಒಂದು ಮಾತು ಕೇಳದೆ ಅವರ ಬೇಟೆಯ ನೆಲ ಮುಳುಗಿಸುವ ಯೋಜನೆ ಅದು. ಅವರು ಕೋರ್ಟಿಗೆ ಹೋದ ಮೇಲೆ, 1975ರಲ್ಲಿ ಒಪ್ಪಂದವಾಯಿತು. ನನ್ನ ಅಜ್ಜನ ಮನೆ ಕರ್ನಾಟಕದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಡಿ ಇದೆ. ಹಾಗಾಗಿ ಇಲ್ಲಿನ ಅಗ್ಗದ ಕರೆಂಟಿನ ಬಗ್ಗೆ ಯಾರಾದರೂ ಹೆಮ್ಮೆಪಟ್ಟಾಗಲೆಲ್ಲ ನನಗೆ ಆ ಕ್ರೀ ಜನರ ನೆನಪಾಗುತ್ತದೆ.

ಕರೆಂಟ್ ಅಗ್ಗವಾದ್ದಂತೂ ನಿಜ. ಗೋಡೆಯ ಬುಡದುದ್ದಕ್ಕೂ ಹೀಟರ್ ಕೂರಿಸಿ ಜನ ಒಲೆ ಕಿತ್ತರು, ಚಿಮಣಿ ಮುಚ್ಚಿದರು. ಬಹಳಷ್ಟು ಹೊಸ ಮನೆಗಳಿಗೆ ಚಿಮಣಿಯೇ ಇಲ್ಲ. ಎಣ್ಣೆಯ ಫರ್ನೇಸ್ ಇಟ್ಟುಕೊಂಡವರೂ ಕರೆಂಟಿಗೆ ಜೋತುಬಿದ್ದವರೇ, ಏಕೆಂದರೆ ಅದರ ಬರ್ನರು, ಬಿಸಿಗಾಳಿ ತಳ್ಳುವ ಫ್ಯಾನು ತಿರುಗಲು ಕರೆಂಟ್ ಬೇಕು.

1998ರ ಜನವರಿ 5ರಂದು ಹೆಪ್ಪುಗಟ್ಟುವ ಮಳೆ ಹಿಡಿಯಿತು. ಮೇಲೆ ಬೆಚ್ಚಗಿನ ಗಾಳಿ, ಕೆಳಗೆ ಸೇಂಟ್ ಲಾರೆನ್ಸ್ ಕಣಿವೆಯಲ್ಲಿ ಸಿಕ್ಕಿಕೊಂಡ ತಣ್ಣನೆಯ ಗಾಳಿ. ನೀರಾಗಿಯೇ ಬೀಳುವ ಹನಿ ಕೊಂಬೆಗೋ ತಂತಿಗೋ ತಾಗಿದ ಕ್ಷಣ ಗಾಜಾಗುತ್ತಿತ್ತು. ಐದಾರು ದಿನ ಹೀಗೇ ಸುರಿಯಿತು. ಸಾವಿರಕ್ಕೂ ಹೆಚ್ಚು ಉಕ್ಕಿನ ವಿದ್ಯುತ್ ಗೋಪುರಗಳು ನೆಲಕ್ಕೊರಗಿದವು. ಒಂದು ಬಿದ್ದರೆ ತಂತಿಯ ಎಳೆತಕ್ಕೆ ಪಕ್ಕದ್ದೂ ಬೀಳುತ್ತಿತ್ತು. ಕ್ಯೂಬೆಕ್‌ನಲ್ಲಿ ಸುಮಾರು 14 ಲಕ್ಷ ಸಂಪರ್ಕಗಳು ಸತ್ತವು. ಸೇಂಟ್ ಇಯಾಸಿಂಥ್, ಗ್ರಾನ್ಬಿ, ಸೇಂಟ್ ಜಾಂ-ಸುರ್-ರಿಶೆಲ್ಯೂ ಊರುಗಳ ನಡುವಣ ಪ್ರದೇಶಕ್ಕೆ ಕರಿ ತ್ರಿಕೋನ ಎಂಬ ಹೆಸರೇ ಬಿತ್ತು. ಅಲ್ಲಿ ಕೆಲವರು ತಿಂಗಳಿಗೂ ಹೆಚ್ಚು ಕಾಲ ಕತ್ತಲಲ್ಲಿದ್ದರು. ಬೂಷರ್‌ವಿಲ್ ಊರಿನಲ್ಲಿ ಡೀಸೆಲ್ ರೈಲು ಎಂಜಿನ್ನನ್ನು ಹಳಿಯಿಂದಿಳಿಸಿ, ಡಾಂಬರು ರಸ್ತೆಯ ಮೇಲೆ ನಡೆಸಿ ತಂದು ಪುರಭವನಕ್ಕೆ ಕರೆಂಟ್ ಕೊಟ್ಟರು.

ನಾವಾಗ ನದಿಯ ದಕ್ಷಿಣ ದಂಡೆಯ ಲಾಂಗೇಯ್‌ನಲ್ಲಿದ್ದೆವು. ಮದುವೆಯಾಗಿ ಕರ್ನಾಟಕದ ಸಾಗರ ಊರಿನಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕರೆಂಟ್ ಹೋದ ಮೊದಲ ರಾತ್ರಿ ಅಡುಗೆಮನೆಯೊಂದನ್ನೇ ಉಳಿಸಿಕೊಂಡು ಬಾಗಿಲಿಗೆಲ್ಲ ಕಂಬಳಿ ಇಳಿಬಿಟ್ಟೆವು. ಪೈಪಿನ ನೀರು ಗಟ್ಟಿಯಾಗಿ ಒಡೆಯದಿರಲೆಂದು ನಲ್ಲಿಯನ್ನು ಸಣ್ಣಗೆ ಹರಿಯಬಿಟ್ಟೆವು. ಮರುದಿನ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ಬಡಿದರು. ಮಕ್ಕಳು ಎಷ್ಟು ಹೇಳಿದರೂ ಕೀಳಿಸದೆ ಅವರು ನೆಲಮಾಳಿಗೆಯಲ್ಲಿ ಒಲೆ ಉಳಿಸಿಕೊಂಡಿದ್ದರು. ವರ್ಷವರ್ಷವೂ ಚಿಮಣಿ ಗುಡಿಸುತ್ತಿದ್ದರು. ಎರಡು ಬೇಸಿಗೆ ಒಣಗಿದ ಮೇಪಲ್ ಸೌದೆಯನ್ನಷ್ಟೇ ಒಳಗೆ ಬಿಡುತ್ತಿದ್ದರು. ಹಸಿ ಕಟ್ಟಿಗೆ ಇಟ್ಟರೆ ಮಸಿ ಕೊಳವೆಯಲ್ಲಿ ಅಂಟಿ, ಮುಂದೊಂದು ದಿನ ಅದೇ ಉರಿಯುತ್ತದೆ ಎಂದು ನನಗೆ ಕಲಿಸಿದವರು ಅವರು. ಬಚ್ಚಲೊಲೆಗೆ ಅಡಿಕೆ ಸೋಗೆ, ತೆಂಗಿನ ಗರಿ ತುರುಕಿ ಬೆಳೆದ ನನಗೆ ಬೆಂಕಿ ಗೊತ್ತಿತ್ತು, ಮುಚ್ಚಿದ ಮನೆಯ ಬೆಂಕಿ ಗೊತ್ತಿರಲಿಲ್ಲ. ಹೆಂಚಿನ ಸಂದಿನಿಂದ ಹೊಗೆ ತಾನಾಗಿ ಹೋಗುವ ಮನೆ ನಮ್ಮದು. ಇಲ್ಲಿ ಗಾಳಿ ನುಸುಳದಂತೆ ಕಟ್ಟಿದ ಮನೆಯೊಳಗೆ ಬಾರ್ಬೆಕ್ಯೂ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಜನರೇಟರ್ ಓಡಿಸಿ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡಿಗೆ ಸಿಕ್ಕಿ ಸತ್ತವರಿದ್ದರು. ಆ ಅಜ್ಜಿಯ ನೆಲಮಾಳಿಗೆಯಲ್ಲಿ ಬೀದಿಯ ಹಲವು ಮನೆಯವರು ಮಲಗಿದೆವು. ಭಾಷೆ ಪೂರ್ತಿ ಬರದ ನನಗೆ ರಾತ್ರಿ ಸೌದೆ ಇಡುವ ಸರದಿಯನ್ನೂ ಕೊಟ್ಟರು. ಈ ದೇಶ ನನ್ನನ್ನು ಒಳಗೆ ಕರೆದುಕೊಂಡದ್ದು ಅಲ್ಲೇ.

ಆಮೇಲೆ ತಂತಿಜಾಲವನ್ನು ಗಟ್ಟಿ ಮಾಡಿದರು. ಬಹಳ ಮನೆಗಳಿಗೆ ಒಲೆಗಳೂ ಮರಳಿ ಬಂದವು. ಚಳಿಗಾಲದಲ್ಲಿ ಅವುಗಳ ಹೊಗೆ ಊರ ಮೇಲೆ ಕೂತು ಎದೆಯ ರೋಗ ಹೆಚ್ಚಿಸುತ್ತದೆಂದು ಮಾಂಟ್ರಿಯಲ್ ನಗರಸಭೆ ಆ 2018ರ ನಿಯಮ ತಂದಿತು. ಉಸಿರಾಟದ ತೊಂದರೆಯಿರುವ ಮಗನನ್ನು ಸಾಕಿದ ನಾನು ಆ ನಿಯಮದ ಪರವೇ ಇದ್ದೇನೆ.

ಆದರೆ 2023ರ ಏಪ್ರಿಲ್ 5ರಂದು ಮತ್ತೆ ಅದೇ ಬಗೆಯ ಮಳೆ ಬಿತ್ತು. ಸುಮಾರು 11 ಲಕ್ಷ ಸಂಪರ್ಕಗಳು ಹೋದವು. ಏಪ್ರಿಲ್ ಆದ್ದರಿಂದ ಚಳಿ ಮೈ ಕೊರೆಯಲಿಲ್ಲ. ಮಾಂಟ್ರಿಯಲ್‌ನಲ್ಲಿ ಹೆಚ್ಚಿನವರು ಬಾಡಿಗೆಗಿರುವವರು. ಚಿಮಣಿಯಿಲ್ಲದ ಫ್ಲ್ಯಾಟಿನವರಿಗೆ ಮೂರು ಗಂಟೆಯ ವಿನಾಯಿತಿಯಿಂದ ಏನೂ ಸಿಗುವುದಿಲ್ಲ. ಬಡಾವಣೆಯ ಸಭೆಯಲ್ಲಿ ನಾನು ಎದ್ದುನಿಂತು ಕೇಳಿದ್ದು ಇಷ್ಟು: ಜನವರಿಯಲ್ಲಿ ಇದು ಬಂದರೆ ನಡೆದೇ ತಲುಪುವಷ್ಟು ಹತ್ತಿರದಲ್ಲಿ, ತಂತಿಯ ಹಂಗಿಲ್ಲದೆ ಬೆಚ್ಚಗಿರುವ ಶಾಲೆ ಯಾವುದು, ಅದರ ಬೀಗದ ಕೈ ಯಾರ ಹತ್ತಿರವಿದೆ? ಬರೆದುಕೊಂಡು ಹೋಗಿದ್ದಾರೆ. ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತೇನೆ.