ಏಳು ಗೋಲು, ಒಂದು ಹೆಸರು

1982ರ ಡಿಸೆಂಬರ್ 1ರಂದು ದಿಲ್ಲಿಯ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ ಏಷ್ಯನ್ ಗೇಮ್ಸ್ ಹಾಕಿ ಫೈನಲ್ ನಡೆಯಿತು. ಎದುರಿಗೆ ಪಾಕಿಸ್ತಾನ. ಪ್ರಧಾನಿ ಇಂದಿರಾ ಗಾಂಧಿ ಆಟ ನೋಡಲು ಬಂದಿದ್ದರು. ದೂರದರ್ಶನಕ್ಕೆ ಬಣ್ಣ ಬಂದಿದ್ದೂ ಅದೇ ವರ್ಷ. ಟಿವಿ ಇದ್ದ ಮನೆ ಊರಿಗೊಂದು ಇದ್ದರೆ ಹೆಚ್ಚು, ಆದರೆ ಇದ್ದಲ್ಲೆಲ್ಲ ಮಂದಿ ನೆಲದ ಮೇಲೆ ಒತ್ತಾಗಿ ಕೂತು ನೋಡಿದರು. ಶುರುವಾದ ನಾಲ್ಕೈದು ನಿಮಿಷಕ್ಕೇ ಭಾರತ ಒಂದು ಗೋಲು ಹೊಡೆಯಿತು. ಆಮೇಲೆ ಹೊಡೆದದ್ದೆಲ್ಲ ಪಾಕಿಸ್ತಾನವೇ. ಕೊನೆಗೆ 7-1.

ಗೋಲಿನಲ್ಲಿ ನಿಂತಿದ್ದವರು ಮೀರ್ ರಂಜನ್ ನೇಗಿ. ಸೋತದ್ದು ತಂಡ, ಆದರೆ ಮರುದಿನದಿಂದ ದೇಶದ ಬಾಯಲ್ಲಿ ಇದ್ದದ್ದು ಇವರೊಬ್ಬರ ಹೆಸರು. "ಅಂವ ರೊಕ್ಕ ತಿಂದಾನ" ಅನ್ನೋ ಮಾತು ಹಬ್ಬಿತು. ಪಾಕಿಸ್ತಾನದವರಿಂದ ದುಡ್ಡು ತಗೊಂಡು ಗೋಲು ಬಿಟ್ಟ ಅಂದರು. ಯಾವ ಪುರಾವೆಯೂ ಯಾವತ್ತೂ ಹೊರಗೆ ಬರಲಿಲ್ಲ. ಆದರೂ ಅವರ ಅಂತರರಾಷ್ಟ್ರೀಯ ಆಟ ಹೆಚ್ಚೂಕಡಿಮೆ ಅಲ್ಲಿಗೇ ಮುಗಿಯಿತು.

ಟ್ರೋಲ್ ಅನ್ನೋ ಪದ ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಫೇಸ್‌ಬುಕ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ. ಅದಕ್ಕೇ ಈ ಕಥೆ ಮುಖ್ಯ ಅಂತ ನನಗೆ ಅನಿಸುತ್ತದೆ. ಆಟಗಾರರ ಮೇಲೆ ಇವತ್ತು ಬೀಳುವ ಬೈಗುಳಕ್ಕೆಲ್ಲ ಮೊಬೈಲೇ ಕಾರಣ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಗುಂಪು ಒಬ್ಬನನ್ನು ಹುಡುಕಿ ಹಿಡಿಯೋದು ಮೊಬೈಲಿಗಿಂತ ಹಳೇ ಚಾಳಿ. ಮೊಬೈಲು ಅದಕ್ಕೆ ವೇಗ ಕೊಟ್ಟಿತು ಅಷ್ಟೇ.

ಲೆಕ್ಕ ಹಾಕಿ ನೋಡ್ರಿ. ಹಾಕಿಯಲ್ಲಿ ಅಂಗಳದಲ್ಲಿರೋದು 11 ಮಂದಿ. ಚೆಂಡು ಗೋಲ್‌ಕೀಪರ್ ಹತ್ತಿರ ಬರಬೇಕಾದರೆ ಉಳಿದ 10 ಮಂದಿಯನ್ನು ದಾಟಿ ಬರಬೇಕು. ಮೇಲಾಗಿ ಹಾಕಿಯಲ್ಲಿ ಗೋಲು ಬೀಳೋದು ಡಿ ಅನ್ನುವ ಅರ್ಧವೃತ್ತದ ಒಳಗಿಂದ ಹೊಡೆದರೆ ಮಾತ್ರ. ಅಂದರೆ ಏಳು ಸಲ ಎದುರಾಳಿ ಅಷ್ಟು ಹತ್ತಿರ ಬಂದಿದ್ದ. ಏಳು ಸಲವೂ ತಡೆಯಬೇಕಾದವರು ಒಬ್ಬರೇ ಆಗಿರಲಿಲ್ಲ. ಆದರೆ ಟಿವಿಯ ಕ್ಯಾಮೆರಾ ಗೋಲು ಬಿದ್ದಾಗ ತೋರಿಸೋದು ಕೀಪರ್ ಮುಖವನ್ನು. ನೆನಪಿನಲ್ಲಿ ಉಳಿಯೋದು ಅದೇ ಮುಖ.

ಹಾಕಿ ನಮ್ಮೂರಿನ ಆಟ ಅಲ್ಲ. ನಾನು ನಿಡಗುಂದಿಯವನು. ಆಲಮಟ್ಟಿ ಆಣೆಕಟ್ಟಿನ ಮಗ್ಗುಲಲ್ಲೇ ಇರುವ, ಈಗ ತಾಲ್ಲೂಕು ಅನ್ನಿಸಿಕೊಂಡ ಊರು. ನಮ್ಮ ಕಡೆ ಕಬಡ್ಡಿ, ಖೋ ಖೋ, ಕುಸ್ತಿ, ಸೈಕಲ್ಲು, ಸಂಜೆಗೆ ಕ್ರಿಕೆಟ್ಟು. ಹಾಕಿ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ನೋಡಿದ್ದು ಬಿಇ ಓದೋಕೆ ಊರು ಬಿಟ್ಟ ಮೇಲೆ. ಅಲ್ಲೀತನಕ ಹಾಕಿ ಅಂದರೆ ಸಾಮಾನ್ಯ ಜ್ಞಾನದ ಪುಸ್ತಕದ ಒಂದು ಪ್ರಶ್ನೆ ಅಷ್ಟೇ ಆಗಿತ್ತು.

ಆದರೆ ನಮ್ಮ ಭಾಗಕ್ಕೆ ಹಾಕಿ ಪೂರ್ತಿ ಹೊರಗಿನದೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ ಇದ್ದರು. ಅದು ರೇಡಿಯೋ ಕಾಲ. ರೇಡಿಯೋದಲ್ಲಿ ಹೆಸರು ಕೇಳಿಸುತ್ತದೆ, ಮುಖ ಕಾಣಿಸೋದಿಲ್ಲ. ಒಲಿಂಪಿಕ್ ಚಿನ್ನ ಗೆದ್ದವರು ಬಜಾರದಲ್ಲಿ ಎದುರಿಗೆ ಬಂದರೂ ಬಹಳ ಮಂದಿಗೆ ಗುರುತು ಸಿಗದ ಕಾಲ. ಅದರಿಂದ ನಷ್ಟವೂ ಇತ್ತು, ಎಷ್ಟೋ ಜನ ಹಾಗೇ ಮರೆತುಹೋದರು. ಆದರೆ ಒಂದು ನೆಮ್ಮದಿಯೂ ಇತ್ತು. ಸೋತಾಗ ಬೈಯೋದು ತಂಡವನ್ನು, ಗೆದ್ದಾಗ ಹೊಗಳೋದೂ ತಂಡವನ್ನು.

ಹಳ್ಳಿಯ ಕಟ್ಟೆ ಮೇಲೆ ಕೂತ ಮಂದಿ ಯಾರನ್ನೂ ಬಿಡೋದಿಲ್ಲ, ನಿಜ. ಆದರೆ ಕಟ್ಟೆ ಮೇಲೆ ಮಾತಾಡಿದವನಿಗೆ ಒಂದು ಮುಖ ಇರುತ್ತದೆ. ಇವತ್ತು ಬೈದವನು ನಾಳೆ ಹಿಟ್ಟಿನ ಗಿರಣಿಯಲ್ಲಿ ನಿಮ್ಮ ಪಕ್ಕದಲ್ಲೇ ಪಾಳಿ ಹಚ್ಚಬೇಕು. ಆ ಅಂಜಿಕೆ ಬಾಯಿಗೆ ಸ್ವಲ್ಪ ಕಡಿವಾಣ ಹಾಕುತ್ತದೆ. ಮೊದಲು ಟಿವಿ, ಆಮೇಲೆ ಮೊಬೈಲು ಈ ಕಡಿವಾಣವನ್ನು ಬಿಚ್ಚಿದವು. ನೋಡುವವನಿಗೆ ಆಟಗಾರನ ಮುಖ ಕಾಣುತ್ತದೆ, ಆಟಗಾರನಿಗೆ ಬೈಯುವವನ ಮುಖ ಕಾಣೋದಿಲ್ಲ.

ನೇಗಿಯವರ ಕಥೆ ಮುಂದಕ್ಕೆ ಸಾಗಿದ್ದು 1998ರಲ್ಲಿ. ಆ ವರ್ಷದ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಹೋದ ತಂಡದ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡಲು ಅವರನ್ನು ಕರೆದರು. ಗೋಲಿನಲ್ಲಿ ನಿಂತವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ನಾಯಕ ಧನರಾಜ್ ಪಿಳ್ಳೈ. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಟೈ ಬ್ರೇಕರ್‌ಗೆ ಹೋಯಿತು. ಟೈ ಬ್ರೇಕರ್ ಅಂದರೆ ಇಡೀ ಆಟವನ್ನು ಕೀಪರ್ ಒಬ್ಬನ ತಲೆಗೆ ಕಟ್ಟಿದ ಹಾಗೆ. ಭಾರತ ಗೆದ್ದಿತು. 1966ರ ನಂತರ, ಅಂದರೆ 32 ವರ್ಷದ ಮೇಲೆ ಏಷ್ಯನ್ ಗೇಮ್ಸ್ ಹಾಕಿ ಚಿನ್ನ ಬಂತು. ಒಬ್ಬ ಕೀಪರಿನ ಮೇಲಿದ್ದ ಹಳೇ ಕಲೆಯನ್ನು ಇನ್ನೊಬ್ಬ ಕೀಪರ್ ಸ್ವಲ್ಪವಾದರೂ ತೊಳೆದ. ಮುಂದೆ 2007ರಲ್ಲಿ ಬಂದ 'ಚಕ್ ದೇ ಇಂಡಿಯಾ' ಸಿನಿಮಾದ ನಟಿಯರಿಗೆ ಹಾಕಿ ಕಲಿಸಿದವರೂ ನೇಗಿಯವರೇ.

ಆದರೆ 1998ರ ಕಥೆ ಅಷ್ಟು ಸಿಹಿಯಾಗಿ ಮುಗಿಯೋದಿಲ್ಲ. ಚಿನ್ನ ಗೆದ್ದು ಬಂದ ಕೆಲವೇ ದಿನಗಳಲ್ಲಿ ಧನರಾಜ್, ಬಲ್ಲಾಳ್ ಸೇರಿದಂತೆ ಹಲವು ಹಿರಿಯರನ್ನು ತಂಡದಿಂದ ಕೈಬಿಟ್ಟರು. ಕೋಚ್ ಎಂ.ಕೆ. ಕೌಶಿಕ್ ಅವರೂ ಹೋದರು. ಇವತ್ತಾಗಿದ್ದರೆ ಒಂದು ಗಂಟೆಯಲ್ಲಿ ಹ್ಯಾಶ್‌ಟ್ಯಾಗ್ ಓಡುತ್ತಿತ್ತು. ಆಗ ಆಟಗಾರರಿಗೆ ತಮ್ಮ ಮಾತನ್ನು ನೇರವಾಗಿ ಜನರಿಗೆ ಮುಟ್ಟಿಸುವ ದಾರಿಯೇ ಇರಲಿಲ್ಲ. ಪತ್ರಕರ್ತರು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಮಾಜಿಕ ಜಾಲತಾಣವನ್ನು ಬರೀ ಶನಿ ಅಂತ ಬೈಯುವಾಗ ಇದನ್ನೂ ನೆನಪಿಡಬೇಕು. ಸೋಮವಾರಪೇಟೆಯ ಎಸ್.ವಿ. ಸುನಿಲ್ 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದಾಗ ಆ ಸುದ್ದಿ ಜನಕ್ಕೆ ಸಿಕ್ಕಿದ್ದು ಅವರದೇ ಟ್ವಿಟರ್ ಖಾತೆಯಿಂದ. ದೇಶಕ್ಕಾಗಿ 14 ವರ್ಷ ಆಡಿದವನು ವಿದಾಯದ ಮಾತನ್ನು ತಾನೇ ಬರೆಯೋದು ಸಣ್ಣ ಘನತೆ ಅಲ್ಲ.

ಇದೇ ಜಾಲತಾಣವನ್ನು ತಂಡವಾಗಿ ಹೇಗೆ ಬಳಸಬಹುದು ಅನ್ನೋದಕ್ಕೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ಭಾರತದ ಪುರುಷರ, ಮಹಿಳೆಯರ ಎರಡೂ ಹಾಕಿ ತಂಡಗಳು ಜ್ಞಾನಭಾರತಿಯ ಸಾಯ್ ಕೇಂದ್ರದಲ್ಲಿ ಸಿಕ್ಕಿಹಾಕಿಕೊಂಡವು. ಮನೆಗೆ ಹೋಗುವ ಹಾಗಿಲ್ಲ, ಮೈದಾನದಲ್ಲಿ ಎಂದಿನಂತೆ ಆಡುವ ಹಾಗೂ ಇಲ್ಲ. ಆಗ ರಾಣಿ ರಾಂಪಾಲ್ ನಾಯಕತ್ವದ ಮಹಿಳಾ ತಂಡ 18 ದಿನಗಳ ಒಂದು ಫಿಟ್‌ನೆಸ್ ಚಾಲೆಂಜ್ ಶುರುಮಾಡಿತು. ದಿನಕ್ಕೊಬ್ಬ ಆಟಗಾರ್ತಿ ಬರ್ಪೀಸ್, ಸ್ಕ್ವಾಟ್ಸ್ ಹೀಗೆ ಒಂದೊಂದು ಕಸರತ್ತು ಮಾಡಿ ಹಾಕೋದು, 10 ಮಂದಿಯನ್ನು ಟ್ಯಾಗ್ ಮಾಡೋದು, ಅವರೂ ಮಾಡಿ 100 ರೂಪಾಯಿ ಕೊಡೋದು. ಹೀಗೆ 20 ಲಕ್ಷ ರೂಪಾಯಿಗೂ ಹೆಚ್ಚು ಕೂಡಿತು. ಅದು ವಲಸೆ ಕಾರ್ಮಿಕರಂಥ ಬಡವರ ನೆರವಿಗೆ ಹೋಯಿತು. ಇದರಲ್ಲಿ ನನಗೆ ಹಿಡಿಸಿದ್ದು ಮೊತ್ತಕ್ಕಿಂತ ಸರದಿ. ಎಲ್ಲರಿಗಿಂತ ಹೆಸರಾದವಳ ಖಾತೆಯಿಂದಷ್ಟೇ ಹಾಕಿದ್ದರೂ ದುಡ್ಡು ಬರುತ್ತಿತ್ತು. ಅವರು ಪಾಳಿ ಹಚ್ಚಿಕೊಂಡರು.

ಮರುವರ್ಷ ಆ ಒಗ್ಗಟ್ಟಿಗೆ ನಿಜವಾದ ಪರೀಕ್ಷೆ ಬಂತು. 2021ರ ಮೇ ಕೊನೆಗೆ ವಂದನಾ ಕಟಾರಿಯಾ ಅವರ ತಂದೆ ತೀರಿಕೊಂಡರು. ಆಕೆ ಬೆಂಗಳೂರಿನ ಶಿಬಿರದಲ್ಲಿದ್ದರು, ಮಣ್ಣಿಗೆ ಹೋಗಲು ಆಗಲಿಲ್ಲ. ಎರಡು ತಿಂಗಳ ಮೇಲೆ ಟೋಕಿಯೊದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮೂರು ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಮಾಡಿದ ಭಾರತದ ಮೊದಲ ಹಾಕಿ ಆಟಗಾರ್ತಿ ಆದರು. ಆಗಸ್ಟ್ 4ರಂದು ಸೆಮಿಫೈನಲ್‌ನಲ್ಲಿ ತಂಡ ಅರ್ಜೆಂಟೀನಾಕ್ಕೆ 2-1ರಿಂದ ಸೋತಿತು. ಅದೇ ಸಂಜೆ ಹರಿದ್ವಾರ ಹತ್ತಿರದ ರೋಶನಾಬಾದಿನಲ್ಲಿ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದರು. ತಂಡದಲ್ಲಿ ದಲಿತರು ಹೆಚ್ಚಾಗಿದ್ದಕ್ಕೇ ಸೋತದ್ದು ಅಂತ ಜಾತಿ ಎತ್ತಿ ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು.

ಇದನ್ನು ಮಾಡಿದ್ದು ಯಾವ ಆ್ಯಪ್ಪೂ ಅಲ್ಲ, ಅದೇ ಓಣಿಯ ಮಂದಿ. ಮುಖ ಕಾಣುವ ಕಟ್ಟೆಯ ಬಗ್ಗೆ ಮೇಲೆ ಹೇಳಿದೆನಲ್ಲ, ಅದರ ಕಡಿವಾಣ ಜಾತಿಯ ಮುಂದೆ ಕೆಲಸ ಮಾಡೋದಿಲ್ಲ. ಸೋಲಿಗೆ ಒಂದು ಹೆಸರು ಬೇಕಾದಾಗ ಗುಂಪು ಮೊದಲು ಹುಡುಕೋದು ಯಾರ ಬೆನ್ನಿಗೆ ಜನ ಇಲ್ಲವೋ ಅವರನ್ನು.

ಆದರೆ ವಂದನಾ ಬೆನ್ನಿಗೆ ತಂಡ ಇತ್ತು. ನಾಯಕಿ ರಾಣಿ ಟೋಕಿಯೊದಿಂದಲೇ ಇದನ್ನು ನಾಚಿಕೆಗೇಡು ಅಂದರು. ನಾವು ಬೇರೆ ಬೇರೆ ಕಡೆಯಿಂದ ಬಂದವರು, ಆಡೋದು ಮಾತ್ರ ಒಂದೇ ದೇಶಕ್ಕೆ ಅನ್ನೋದು ಅವರ ಮಾತಿನ ಸಾರ. ಆಗಸ್ಟ್ 6ರಂದು ಬ್ರಿಟನ್ ವಿರುದ್ಧ ಕಂಚಿನ ಪಂದ್ಯ. ಭಾರತ 4-3ರಿಂದ ಸೋತಿತು. ಆ ಮೂರರಲ್ಲಿ ಒಂದು ಗೋಲು ವಂದನಾ ಅವರದು. ಐದು ವರ್ಷದ ಹಿಂದೆ ರಿಯೊದಲ್ಲಿ 12ನೇ ಸ್ಥಾನದಲ್ಲಿ, ಅಂದರೆ ಎಲ್ಲರಿಗಿಂತ ಕೊನೆಗೆ ಇದ್ದ ತಂಡ ಈಗ ನಾಲ್ಕನೆಯದು.

ಈ ಬೆನ್ನಿಗೆ ನಿಲ್ಲುವ ವಿಷಯದಲ್ಲಿ ಕೊಡಗಿನವರ ಒಂದು ಪದ್ಧತಿ ನನಗೆ ಬಹಳ ವಿಶೇಷ ಅನಿಸುತ್ತದೆ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೊ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಎಲ್ಲರೂ ಕೊಡಗಿನವರು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದರು. ಮೊದಲ ವರ್ಷ 60 ತಂಡ. 2024ರ ಹೊತ್ತಿಗೆ 360. ಪ್ರತಿ ತಂಡವೂ ಒಂದು ಒಕ್ಕ, ಅಂದರೆ ಒಂದೇ ಮನೆತನದ ಮಂದಿ. ಗಂಡಸರು, ಹೆಂಗಸರು, ಶಾಲೆ ಮಕ್ಕಳು, ವಯಸ್ಸಾದವರು ಎಲ್ಲರೂ ಒಂದೇ ತಂಡದಲ್ಲಿ ಆಡಬಹುದು. ಒಲಿಂಪಿಕ್ಸ್ ಆಡಿ ಬಂದವನೂ ಅಲ್ಲಿ ತನ್ನ ಒಕ್ಕದ ಒಬ್ಬ. ಸೋಮಯ್ಯ ಅವರ ಹೆಸರಿನ ಮೊದಲ 'ಎಂ' ಅಂದರೆ ಮನೆಯಪಂಡ, ಅವರ ಒಕ್ಕದ ಹೆಸರು. ಸೋತರೆ ಒಕ್ಕ ಸೋತ ಹಾಗೆ, ಗೆದ್ದರೆ ಒಕ್ಕ ಗೆದ್ದ ಹಾಗೆ. ಮನೆತನದ ಹೆಸರೂ ಒಂದು ಭಾರವೇ ಅನ್ನಿ. ಆದರೆ ಆ ಭಾರ ಹೊರಲು ಹೆಗಲು ಬಹಳ ಇರುತ್ತವೆ.

ನಮ್ಮ ಐಟಿ ಕೆಲಸದಲ್ಲಿ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತ ಒಂದಿದೆ, ನಿಮ್ಮಲ್ಲಿ ಹಲವರಿಗೆ ಗೊತ್ತು. ಪ್ರೊಡಕ್ಷನ್ ಬಿದ್ದಾಗ ಏನಾಯಿತು, ಯಾಕಾಯಿತು, ಮುಂದೆ ಹೇಗೆ ತಡೆಯೋದು ಅಂತ ಬರೆಯಬೇಕು, ಯಾರು ಮಾಡಿದರು ಅಂತ ಬರೆಯಬಾರದು. ಕಾಗದದ ಮೇಲೆ ಸುಲಭ. ನಡುರಾತ್ರಿ ಗ್ರಾಹಕರು ಕೂಗಾಡುತ್ತಿರುವಾಗ, ಮೆಸೇಜ್ ಗ್ರೂಪಿನಲ್ಲಿ ಎಲ್ಲರೂ ಯಾರ ಕಮಿಟ್ ಇದು ಅಂತ ಕೇಳುತ್ತಿರುವಾಗ, ತಂಡದ ಹಿರಿಯ ಏನು ಬರೆಯುತ್ತಾನೆ ಅನ್ನೋದೇ ಪರೀಕ್ಷೆ. ಹಾಕಿ ತಂಡಕ್ಕೆ ಈ ಪರೀಕ್ಷೆ ಇಡೀ ದೇಶದ ಕಣ್ಣೆದುರು ನಡೆಯುತ್ತದೆ.

2024ರಲ್ಲಿ ಪ್ಯಾರಿಸ್‌ಗೆ ಹೋದ ಪುರುಷರ ತಂಡ ಬೆಂಗಳೂರಿನ ಅದೇ ಸಾಯ್ ಕೇಂದ್ರದಲ್ಲಿ ತಯಾರಾಗಿತ್ತು. ಒಲಿಂಪಿಕ್ಸ್ ಮುಗಿಯುವ ತನಕ ಜಾಲತಾಣದಿಂದ ದೂರ ಇರೋಣ ಅಂತ ಎಲ್ಲರೂ ಕೂಡಿ ತೀರ್ಮಾನಿಸಿದ್ದನ್ನು ನಾಯಕ ಹರ್ಮನ್‌ಪ್ರೀತ್ ಸಿಂಗ್ ಮೊದಲೇ ಹೇಳಿದ್ದರು. ಹೊಗಳಿಕೆ, ಬೈಗುಳ ಎರಡೂ ಬೇಡ. ಒಬ್ಬನೇ ಮೊಬೈಲ್ ಬಿಟ್ಟರೆ ಅದು ವ್ರತ. ಎಲ್ಲರೂ ಕೂಡಿ ಬಿಟ್ಟರೆ, ಯಾರ ಬಗ್ಗೆ ಹೊರಗೆ ಏನಂತಾರೆ ಅನ್ನೋ ಮಾತು ಊಟದ ಟೇಬಲ್ಲಿಗೇ ಬರೋದಿಲ್ಲ.

ಆಗಸ್ಟ್ 4ರಂದು ಬ್ರಿಟನ್ ವಿರುದ್ಧ ಕ್ವಾರ್ಟರ್‌ಫೈನಲ್. 17ನೇ ನಿಮಿಷಕ್ಕೆ ಡಿಫೆಂಡರ್ ಅಮಿತ್ ರೋಹಿದಾಸ್ ಅವರ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತು, ರೆಡ್ ಕಾರ್ಡ್ ಬಂತು. 60 ನಿಮಿಷದ ಆಟದಲ್ಲಿ ಇನ್ನೂ 40ಕ್ಕೂ ಹೆಚ್ಚು ನಿಮಿಷ ಬಾಕಿ. ಪೆನಾಲ್ಟಿ ಕಾರ್ನರ್ ಬಂದಾಗ ಮೊದಲು ಚೆಂಡಿಗೆ ಎದುರು ನುಗ್ಗುತ್ತಿದ್ದವರು ಇದೇ ರೋಹಿದಾಸ್. ಈಗ ಅವರಿಲ್ಲ. ಮುಂದೆ ಗೋಲು ಹೊಡೆಯುವವರೂ ಹಿಂದೆ ಓಡಿ ಬಂದು ಕಾಯ್ದರು. 10 ಮಂದಿಯೇ ಆಡಿ 1-1ಕ್ಕೆ ಹಿಡಿದರು. ಶೂಟ್‌ಔಟ್‌ನಲ್ಲಿ ಶ್ರೀಜೇಶ್ ಗೋಲು ಕಾಯ್ದರು, 4-2ರಿಂದ ಗೆದ್ದರು. ರೋಹಿದಾಸ್ ಮೇಲೆ ಒಂದು ಪಂದ್ಯದ ನಿಷೇಧ ಬಿತ್ತು. ಅವರಿಲ್ಲದ ಸೆಮಿಫೈನಲ್‌ನಲ್ಲಿ ತಂಡ ಜರ್ಮನಿಗೆ 3-2ರಿಂದ ಸೋತಿತು. ಹೊರಗೆ ಬೈಯಲು ಹೆಸರು ರೆಡಿ ಇತ್ತು. ಒಳಗೆ ಯಾರೂ ಆ ಹೆಸರನ್ನು ಹೊರಗಿನವರ ಕೈಗೆ ಕೊಡಲಿಲ್ಲ.

ಆಗಸ್ಟ್ 8ರಂದು ಸ್ಪೇನ್ ವಿರುದ್ಧ 2-1ರಿಂದ ಗೆದ್ದು ಕಂಚು ತಂದಾಗ ರೋಹಿದಾಸ್ ಅಂಗಳದಲ್ಲಿದ್ದರು. ಕಾರ್ಡ್ ತಿಂದು ನಾಲ್ಕು ದಿನ ಆಗಿತ್ತು. 1982ರ ಸೋಲಿನ ನಂತರ ಭಾರತ ತಂಡದ ಬೆಂಚಿಗೆ ಮರಳಲು ನೇಗಿಯವರಿಗೆ ಹಿಡಿದದ್ದು 16 ವರ್ಷ.