200 ಕಿ.ಮೀ. ವೇಗದ ಉಗಿಬಂಡಿ ಮತ್ತು ನಮ್ಮ ಕಬಿನಿ ಸೇತುವೆ

ನಂಜನಗೂಡಿನ ಹತ್ತಿರ ಕಬಿನಿ ಹೊಳೆಗೆ ಅಡ್ಡಲಾಗಿ ಒಂದು ಹಳೇ ಕಲ್ಲಿನ ಸೇತುವೆ ಇದೆ. ಅದೇ ದಳವಾಯಿ ಸೇತುವೆ, ಕಟ್ಟಿದ್ದು 1735ರಲ್ಲಿ. ಪ್ರಪಂಚದ ಮೊದಲ ಉಗಿ ಎಂಜಿನ್ ಹಳಿ ಮೇಲೆ ಓಡಿದ್ದು 1804ರಲ್ಲಿ. ಅಂದರೆ ಉಗಿಬಂಡಿ ಹುಟ್ಟುವ ಸುಮಾರು 70 ವರ್ಷ ಮೊದಲೇ ನಮ್ಮ ಸೇತುವೆ ನಿಂತಿತ್ತು! 1890ರ ದಶಕದಲ್ಲಿ ಮೈಸೂರಿನಿಂದ ಮೀಟರ್‌ಗೇಜ್ ರೈಲು ಬಂದ ಮೇಲೆ ಇದೇ ಸೇತುವೆ ರೈಲನ್ನೂ ಹೊತ್ತಿತು. ಒಂದು ಬದಿಗೆ ರೈಲು, ಪಕ್ಕದಲ್ಲೇ ರಸ್ತೆ. ಅಂಥ ಕಡೆ ವೇಗದ ಮಾತೆಲ್ಲಿ?

ಆದರೆ ಅದೇ ಉಗಿಯಿಂದ ಗಂಟೆಗೆ 200 ಕಿ.ಮೀ. ಓಡಿಸಿದವರೂ ಇದ್ದಾರೆ. 1936ರ ಮೇ 11ರಂದು ಜರ್ಮನಿಯಲ್ಲಿ '05 002' ಎಂಬ ಎಂಜಿನ್ 200.4 ಕಿ.ಮೀ. ವೇಗ ಮುಟ್ಟಿತು. ಆ ವೇಗದಲ್ಲಿ ಮೈಸೂರಿನಿಂದ ನಂಜನಗೂಡಿಗೆ ಎಂಟೇ ನಿಮಿಷ ಸಾಕು.

ಗುಟ್ಟು ಇದ್ದದ್ದು ಚಕ್ರದಲ್ಲಿ. ಮಕ್ಕಳ ಸೈಕಲ್ಲನ್ನೂ ದೊಡ್ಡವರ ಸೈಕಲ್ಲನ್ನೂ ನೋಡಿ. ಚಕ್ರ ಒಂದು ಸುತ್ತು ಸುತ್ತಿದರೆ ದೊಡ್ಡದು ಹೆಚ್ಚು ದೂರ ಹೋಗುತ್ತದೆ. ಉಗಿ ಎಂಜಿನ್ನಿನಲ್ಲೂ ಪಿಸ್ಟನ್ ಒಮ್ಮೆ ಹೋಗಿ ಬಂದರೆ ಚಕ್ರ ಒಂದು ಸುತ್ತು. ಜರ್ಮನ್ ಎಂಜಿನ್ನಿನ ಚಕ್ರದ ಅಗಲ 2.3 ಮೀಟರ್, ಆಳಿಗಿಂತ ಎತ್ತರ. 200 ಕಿ.ಮೀ. ವೇಗಕ್ಕೆ ಅದು ಸೆಕೆಂಡಿಗೆ ಸುಮಾರು 8 ಸುತ್ತು ಸುತ್ತಬೇಕು. ನಮ್ಮ ದೇಶದ ಮೀಟರ್‌ಗೇಜ್‌ನಲ್ಲಿ ಪ್ಯಾಸೆಂಜರ್ ರೈಲು ಎಳೆದ 'ವೈಪಿ' ಎಂಜಿನ್ನಿನ ಚಕ್ರ ಸುಮಾರು 1.37 ಮೀಟರ್. ಅದೇ ವೇಗಕ್ಕೆ ಅದು 13 ಸುತ್ತು ಸುತ್ತಬೇಕಿತ್ತು. ಭಾರದ ಕಬ್ಬಿಣದ ಸರಳುಗಳು ಸೆಕೆಂಡಿಗೆ 13 ಸಲ ಹೋಗಿ ಬಂದರೆ ಎಂಜಿನ್ನೂ ಉಳಿಯದು, ಹಳಿಯೂ ಉಳಿಯದು.

ಹಾಗಾದರೆ ದೊಡ್ಡ ಚಕ್ರ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಹಳಿಗಳ ನಡುವೆ ಇರುವುದೇ ಒಂದು ಮೀಟರ್. ಚಕ್ರ ದೊಡ್ಡದಾದಷ್ಟೂ ಬಾಯ್ಲರ್ ಮೇಲಕ್ಕೆ ಹೋಗುತ್ತದೆ. ಕಿರಿದಾದ ಗಾಡಿಗೆ ಹುಲ್ಲು ಎತ್ತರಕ್ಕೆ ಹೇರಿದರೆ ತಿರುವಿನಲ್ಲಿ ಏನಾಗುತ್ತದೆ ಅಂತ ರೈತರಿಗೆ ಹೇಳಬೇಕಿಲ್ಲ.

ಜರ್ಮನರು ಇನ್ನೊಂದು ಪ್ರಯೋಗವನ್ನೂ ಮಾಡಿದರು. '05 003' ಎಂಬ ಎಂಜಿನ್ನಿನಲ್ಲಿ ಡ್ರೈವರ್‌ಗೆ ದಾರಿ ಚೆನ್ನಾಗಿ ಕಾಣಲಿ ಅಂತ ಅವನ ಕೋಣೆಯನ್ನು ಮುಂದಕ್ಕೆ ತಂದರು. ಒಲೆಯೂ ಮುಂದೆ ಬಂತು, ಕಲ್ಲಿದ್ದಲು ಮಾತ್ರ ಹಿಂದೆಯೇ ಉಳಿಯಿತು. ಅದಕ್ಕೆ ಕಲ್ಲಿದ್ದಲನ್ನು ಪುಡಿ ಮಾಡಿ ಕೊಳವೆಯಲ್ಲಿ ಒಲೆಗೆ ಕಳಿಸುವ ಏರ್ಪಾಡು ಮಾಡಿದರು. ಅದು ಸರಿಯಾಗಿ ಉರಿಯಲಿಲ್ಲ. ಕೊನೆಗೆ ಆ ಎಂಜಿನ್ನನ್ನು ಮಾಮೂಲಿ ರೂಪಕ್ಕೇ ತಿರುಗಿಸಬೇಕಾಯಿತು.

1938ರ ಜುಲೈ 3ರಂದು ಇಂಗ್ಲೆಂಡಿನ 'ಮಲಾರ್ಡ್' ಇಳಿಜಾರಿನಲ್ಲಿ 203 ಕಿ.ಮೀ. ಮುಟ್ಟಿ ದಾಖಲೆ ಮಾಡಿತು. ಅದೂ ಒಂದು ಕ್ಷಣದ ಮಾತು. ಬೇರಿಂಗ್ ಕಾದು ಕೆಟ್ಟು, ಅವತ್ತು ಅದು ಲಂಡನ್ ಸೇರಲೇ ಇಲ್ಲ. ಆಮೇಲೆ ಡೀಸೆಲ್, ವಿದ್ಯುತ್ ಎಂಜಿನ್ನುಗಳು ಬಂದು ಉಗಿಯ ಓಟವೇ ಮುಗಿಯಿತು.

ದಾಖಲೆ ಮಾಡಿದವು ಒಂದೆರಡು. ದಾಖಲೆ ಇಲ್ಲದ ವೈಪಿ ಎಂಜಿನ್ನುಗಳು 850ಕ್ಕೂ ಹೆಚ್ಚು ತಯಾರಾದವು. ಊರೂರಲ್ಲಿ ನಿಂತು, ಸಂತೆಗೆ, ಜಾತ್ರೆಗೆ, ಕೋರ್ಟಿಗೆ ಹೊರಟ ಜನರನ್ನು ಹೊತ್ತವು ಇಂಥ ನಿಧಾನದ ಬಂಡಿಗಳೇ.

ಸುದ್ದಿಗೆಂದು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಓಡಾಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಕಬಿನಿ ನಂಜನಗೂಡಿನಿಂದ ಹರಿದು ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ರೈಲು ಮಾತ್ರ ಅತ್ತ ತಿರುಗದೆ ಚಾಮರಾಜನಗರಕ್ಕೆ ಹೋಗುತ್ತದೆ. ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ನರಸೀಪುರಕ್ಕೆ ಇವತ್ತಿಗೂ ರೈಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತವರು ಕೇಳುವುದು 200 ಕಿ.ಮೀ. ವೇಗವನ್ನಲ್ಲ. ನಿಧಾನಕ್ಕೆ ಬಂದರೂ ಸರಿ, ನಮ್ಮೂರಲ್ಲಿ ನಿಲ್ಲುವ ಒಂದು ರೈಲು ಬರಲಿ ಅಂತಾರೆ, ಅಷ್ಟೇ.