ಪೆನ್ನಾಗರಂ ಬಸ್ಸೂ ಹೊಳೆಯಾಚೆಯ ದಾರಿಯೂ

ಶಾಸನಗಳಿಂದ ಊರಹೆಸರುಗಳನ್ನು ಸಂಗ್ರಹಿಸುವ ವಿದ್ವಾಂಸರು ಹಳೆಯ ಬಸ್ಸಿನ ಪ್ರಯಾಣಿಕರನ್ನೂ ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ. 1960ರ ದಶಕದಲ್ಲಿ ಪೆನ್ನಾಗರಂನಿಂದ ಹೊಗೇನಕಲ್ಲಿಗೆ ನಾವು ಖಾಸಗಿ ಬಸ್ಸಿನಲ್ಲಿಯೇ ಹೋಗುತ್ತಿದ್ದೆವು. ಹೋಗುವಾಗ ಮೇಲೆ ಹುಣಿಸೆ ಮೂಟೆ, ಬರುವಾಗ ಒಳಗೆ ಮೀನಿನ ಬುಟ್ಟಿ. ಘಟ್ಟದ ತಿರುವುಗಳಲ್ಲಿ ಎಲ್ಲರ ಮಾತೂ ತಾನಾಗಿ ನಿಲ್ಲುತ್ತಿತ್ತು. ಬಸ್ಸಿನ ಹಲಗೆಯ ಮೇಲೆ ತಮಿಳಕ್ಷರದಲ್ಲಿ ಹಕಾರವಿಲ್ಲದ ‘ಒಗೇನಕ್ಕಲ್’ ಎಂದಿರುತ್ತಿತ್ತು. ಟಿಕೆಟು ಕೇಳುವ ನಮ್ಮ ಹಿರಿಯರಿಗೆ ಮಾತ್ರ ಅದು ಹೊಗೆಯೇಳುವ ಕಲ್ಲೇ. ಕಂಡಕ್ಟರು ಯಾವ ಮಾತಿನಲ್ಲಿ ಕೇಳಿದರೂ ಟಿಕೆಟು ಹರಿದುಕೊಡುತ್ತಿದ್ದನು.

ಬಸ್ಸು ಹೊಳೆಯ ದಡದಲ್ಲಿ ನಿಲ್ಲುತ್ತಿತ್ತು, ಪ್ರಯಾಣ ನಿಲ್ಲುತ್ತಿರಲಿಲ್ಲ. ಆಚೆಯದು ಆಗ ಕೊಳ್ಳೇಗಾಲ ತಾಲ್ಲೂಕಾಗಿತ್ತು. 1956ರ ನವೆಂಬರ್ 1ಕ್ಕೆ ಮೊದಲು ಅದು ಕೊಯಮತ್ತೂರು ಜಿಲ್ಲೆಗೂ ಈಚೆ ದಡ ಸೇಲಂ ಜಿಲ್ಲೆಗೂ ಸೇರಿದ್ದು, ಎರಡೂ ಮದರಾಸು ರಾಜ್ಯದವೇ ಆಗಿದ್ದವು. ಆ ದಿನ ಕೊಳ್ಳೇಗಾಲವು ಮೈಸೂರಿಗೆ ಸೇರಿ, ಕಾವೇರಿಯೇ ಗಡಿಯಾಯಿತು. ಹರಿಗೋಲಿನವರು ಅದನ್ನು ಅಷ್ಟಾಗಿ ಲೆಕ್ಕಿಸಿದಂತೆ ಕಾಣಲಿಲ್ಲ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರೂ, ಆಚೆ ದಡಕ್ಕೆ ಹೆಣ್ಣು ಕೊಟ್ಟವರೂ ಬಸ್ಸಿಳಿದು ಅದರಲ್ಲಿಯೇ ದಾಟುತ್ತಿದ್ದರು.

1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು. 1973ರಲ್ಲಿ ಸೇಲಂನಲ್ಲಿ ಅಣ್ಣಾ ಸಾರಿಗೆ ನಿಗಮವು ಸ್ಥಾಪಿತವಾದ ಮೇಲೆ ಈ ಸೀಮೆಯಲ್ಲಿ ಸರ್ಕಾರಿ ಬಸ್ಸುಗಳು ಹೆಚ್ಚಿದವು. ಅನುಕೂಲವಾದುದು ನಿಜ. ಆದರೆ ಮರ, ಬಾವಿ, ಗುಡಿಗಳನ್ನು ಹಿಡಿದು ಕನ್ನಡದವರು ಇಳಿಯುವ ಕಡೆಗೆ ಇಟ್ಟುಕೊಂಡಿದ್ದ ಹೆಸರುಗಳು ಯಾವ ಹಲಗೆಯ ಮೇಲೂ ಏರಲಿಲ್ಲ. ಅವನ್ನು ಈಗ ನಾವು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇವೆ. ಹೇಳಬಲ್ಲವರು ಎಂಬತ್ತು ದಾಟಿದವರು.